ಊರು ಬಿಡುವ ಮುನ್ನ ಒಂದಿಷ್ಟು ಲೆಕ್ಕ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನೂ ಸದಸ್ಯರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಕೊನೆಯ ಪರೀಕ್ಷೆ ಮುಗಿದ ಮೇಲೆ ನಮ್ಮ ಮಕ್ಕಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. "ಸರ್, ಊರಲ್ಲಿ ಕೆಲಸ ಇಲ್ಲ. ಬೆಂಗಳೂರಿಗೆ ಹೋಗಲಾ, ದುಬೈಗೆ ಪ್ರಯತ್ನ ಮಾಡಲಾ?" ಕಾಲ ಚೆನ್ನಾಗಿದ್ದಾಗ ಈ ಪ್ರಶ್ನೆಗೆ "ಹೋಗಿ ಬಾ, ಒಳ್ಳೆಯದಾಗಲಿ" ಎಂದು ಹೇಳಿ ಕಳುಹಿಸಿಬಿಡಬಹುದು. ಆದರೆ ಪತ್ರಿಕೆಗಳಲ್ಲಿ ಆರ್ಥಿಕ ಹಿಂಜರಿತ, ಉದ್ಯೋಗ ಕಡಿತ ಎಂಬ ಮಾತುಗಳು ಬರುತ್ತಿರುವಾಗ ಹಾಗೆ ಹೇಳಿ ಕೈತೊಳೆದುಕೊಳ್ಳುವುದು ಹಿರಿಯರ ಲಕ್ಷಣವಲ್ಲ. ಹಿಂಜರಿತದ ಕಾಲದಲ್ಲಿ ಹೊಸ ನಗರಕ್ಕೆ ಕೆಲಸ ಹುಡುಕಿ ಹೋಗುವವನು ಏನನ್ನು ಯೋಚಿಸಬೇಕು, ಅವನನ್ನು ಕಳುಹಿಸಿಕೊಡುವ ನಾವು ಏನು ಮಾಡಬೇಕು, ಈ ಎರಡು ವಿಷಯಗಳನ್ನಷ್ಟೇ ಇಂದು ನಿಮ್ಮ ಮುಂದಿಡುತ್ತೇನೆ.

ಕರಾವಳಿಯವರಾದ ನಮಗೆ ಊರು ಬಿಡುವುದು ಹೊಸತಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಮುಂಬಯಿಯ ದಾರಿ ಹಿಡಿದವರು ಎಲ್ಲ ಜಾತಿ ಮತಗಳಲ್ಲೂ ಇದ್ದರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕೂತು ಮೆಟ್ರಿಕ್ ಮುಗಿಸಿದ ಹುಡುಗರು ಮುಂದೆ ಬ್ಯಾಂಕು, ಕಚೇರಿ ಸೇರಿದ್ದು ಮುಂಬಯಿ ಕನ್ನಡಿಗರ ಚರಿತ್ರೆಯ ದೊಡ್ಡ ಭಾಗ. ಭಟ್ಕಳದವರು ವ್ಯಾಪಾರಕ್ಕೆಂದು ಹೋದ ಮುಂಬಯಿ, ಚೆನ್ನೈ, ದುಬೈಗಳಲ್ಲಿ ತಮ್ಮದೇ ಜಮಾಅತ್‌ಗಳನ್ನು ಕಟ್ಟಿಕೊಂಡರು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕೊಲ್ಲಿಯ ಬಾಗಿಲು ತೆರೆಯಿತು. ನಮ್ಮ ಅದೆಷ್ಟೋ ಊರುಗಳಲ್ಲಿ ಹಂಚಿನ ಮನೆ ಇದ್ದಲ್ಲಿ ತಾರಸಿ ಮನೆ ಎದ್ದಿದ್ದು, ಬೀಡಿ ಕಟ್ಟಿ ಸಂಸಾರ ತೂಗಿಸುತ್ತಿದ್ದ ತಾಯಂದಿರ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ್ದು ಆ ಹಣದಿಂದಲೇ. ಆದ್ದರಿಂದ ಊರು ಬಿಡಬೇಡಿ ಎಂದು ಹೇಳಲು ನಾನಿಲ್ಲಿ ನಿಂತಿಲ್ಲ. ದೇಶ ಸುತ್ತಬೇಕು, ಕೋಶ ಓದಬೇಕು ಎಂದವರೇ ನಮ್ಮ ಹಿರಿಯರು.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ಆ ಹಿರಿಯರಲ್ಲಿ ಬಹುಮಂದಿ ಹೋದದ್ದು ಬೆಳೆಯುತ್ತಿದ್ದ ನಗರಗಳಿಗೆ. ಊರಲ್ಲಿ ಕೆಲಸ ಇರಲಿಲ್ಲ, ಅಲ್ಲಿ ಇತ್ತು. ಹಿಂಜರಿತದ ಕಾಲದಲ್ಲಿ ಊರಲ್ಲೂ ಕೆಲಸ ಕಡಿಮೆ, ನಗರದಲ್ಲೂ ಕೆಲಸ ಕಡಿಮೆ. ಹಾಗಿದ್ದರೂ ಹೋಗುವುದು ಸರಿಯೇ? ನನ್ನ ಉತ್ತರ ಇಷ್ಟು: ಹೋಗಬಹುದು, ಆದರೆ ನಗರದ ಹೆಸರನ್ನು ನಂಬಿ ಹೋಗಬಾರದು. ಕೈಯಲ್ಲಿ ಒಂದು ಕಸುಬು, ಕೆಲವು ತಿಂಗಳು ಕಾಯುವಷ್ಟು ಹಣ, ಆ ನಗರದಲ್ಲಿ ಗುರುತಿನ ಒಬ್ಬ ಮನುಷ್ಯ, ಈ ಮೂರನ್ನು ನಂಬಿ ಹೋಗಬೇಕು.

ಮೊದಲು ಹಿಂಜರಿತ ಎಂದರೆ ಏನೆಂದು ತಿಳಿದುಕೊಳ್ಳೋಣ. ಕೊಳ್ಳುವವರು ಕೈ ಹಿಡಿದಾಗ ಮಾರುವವನ ಸರಕು ಉಳಿಯುತ್ತದೆ. ಸರಕು ಉಳಿದಾಗ ಕಾರ್ಖಾನೆ ಪಾಳಿ ಕಡಿಮೆ ಮಾಡುತ್ತದೆ. ಪಾಳಿ ಕಡಿಮೆಯಾದಾಗ ಕಾರ್ಮಿಕನ ಸಂಬಳ ನಿಲ್ಲುತ್ತದೆ. ಸಂಬಳ ನಿಂತವನು ತಾನೂ ಕೊಳ್ಳುವುದನ್ನು ನಿಲ್ಲಿಸುತ್ತಾನೆ. ಹೀಗೆ ಅದು ಸರಪಳಿಯಂತೆ ಒಬ್ಬರಿಂದ ಒಬ್ಬರಿಗೆ ಹಬ್ಬುತ್ತದೆ. 2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೆಹ್ಮನ್ ಬ್ರದರ್ಸ್ ಎಂಬ ಬ್ಯಾಂಕು ದಿವಾಳಿಯಾದಾಗ ಅದರ ಹೆಸರನ್ನೇ ಕೇಳದ ಜನ ನಮ್ಮ ದೇಶದಲ್ಲಿ ಕೆಲಸ ಕಳೆದುಕೊಂಡರು. ಅಮೆರಿಕದ ಮಳಿಗೆಯಲ್ಲಿ ಬಟ್ಟೆ ಮಾರಾಟವಾಗದಿದ್ದರೆ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗೆ ಆರ್ಡರ್ ಬರುವುದಿಲ್ಲ. ಕೇಂದ್ರ ಸರ್ಕಾರದ ಕಾರ್ಮಿಕ ಬ್ಯೂರೋ ನಡೆಸಿದ ಸಮೀಕ್ಷೆಯ ಅಂದಾಜಿನಂತೆ 2008ರ ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಮೂರೇ ತಿಂಗಳಲ್ಲಿ ಸುಮಾರು 5 ಲಕ್ಷ ಉದ್ಯೋಗಗಳು ಹೋದವು. ಹರಳು ಮತ್ತು ಆಭರಣ, ವಾಹನ ತಯಾರಿಕೆ, ಜವಳಿ, ಸಾರಿಗೆ ಮುಂತಾದ ಕ್ಷೇತ್ರಗಳು ಪೆಟ್ಟು ತಿಂದವು.

ಅದೇ ಅವಧಿಯಲ್ಲಿ ದುಬೈಯಲ್ಲಿ ಏನಾಯಿತು? ಮನೆ, ಜಾಗಗಳ ಬೆಲೆ ಮುಗ್ಗರಿಸಿತು. ನಿರ್ಮಾಣ ಕಾಮಗಾರಿಗಳು ಅರ್ಧಕ್ಕೆ ನಿಂತವು. 2009ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರಿ ಒಡೆತನದ ದುಬೈ ವರ್ಲ್ಡ್ ಸಂಸ್ಥೆ ಸಾಲ ತೀರಿಸಲು ಕಾಲಾವಕಾಶ ಕೊಡಿ ಎಂದು ಸಾಲ ಕೊಟ್ಟವರನ್ನು ಕೇಳಿಕೊಂಡಿತು. ಅದಾಗಿ ಎರಡು ತಿಂಗಳೂ ಕಳೆಯುವ ಮುನ್ನ, 2010ರ ಜನವರಿ 4ರಂದು, ಜಗತ್ತಿನ ಅತಿ ಎತ್ತರದ ಬುರ್ಜ್ ಖಲೀಫಾ ಕಟ್ಟಡದ ಉದ್ಘಾಟನೆ ನಡೆಯಿತು. ಊರಲ್ಲಿ ಕೂತು ಟಿವಿಯಲ್ಲಿ ಆ ಬೆಳಕು ನೋಡಿದವನಿಗೆ ಕೆಲಸ ಕಳೆದುಕೊಂಡು ಮರಳುತ್ತಿದ್ದ ಮೇಸ್ತ್ರಿ, ಪ್ಲಂಬರ್, ಡ್ರಾಫ್ಟ್ಸ್‌ಮನ್ ಕಾಣಿಸಲಿಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಪ್ರತಿಯೊಂದು ಹಿಂಜರಿತವೂ ಬೇರೆ ಬೇರೆ ಜಾಗಕ್ಕೆ ಹೊಡೆಯುತ್ತದೆ ಎಂಬುದು ಇನ್ನೊಂದು ಪಾಠ. 2014ರ ಮಧ್ಯಭಾಗದಲ್ಲಿ ಬ್ಯಾರೆಲ್‌ಗೆ 100 ಡಾಲರ್ ಮೀರಿದ್ದ ತೈಲ 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗಿಳಿಯಿತು. ಆಗ ನಮ್ಮ ದೇಶದಲ್ಲಿ ಪೆಟ್ರೋಲ್ ಅಗ್ಗವಾಯಿತೆಂದು ಸಂತೋಷಪಟ್ಟೆವು. ಸೌದಿಯಲ್ಲಿ ಸಾವಿರಾರು ಭಾರತೀಯ ಕಾರ್ಮಿಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಕ್ಯಾಂಪುಗಳಲ್ಲಿ ಕುಳಿತರು. 2020ರಲ್ಲಿ ಕೊರೋನಾ ಬಂದಾಗ ಇನ್ನೂ ವಿಚಿತ್ರ. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಉತ್ಪಾದನೆ ಹಿಂದಿನ ವರ್ಷಕ್ಕಿಂತ ಕಾಲುಭಾಗದ ಹತ್ತಿರ ಕುಗ್ಗಿತು. ಜನ ನಗರದಿಂದ ಹಳ್ಳಿಗೆ ನಡೆದರು. ಮೇ ತಿಂಗಳಲ್ಲಿ ಆರಂಭವಾದ ವಂದೇ ಭಾರತ್ ವಿಮಾನಗಳು ಮಂಗಳೂರಿಗೂ ನಮ್ಮವರನ್ನು ಹೊತ್ತು ತಂದವು. ಮುಂದೆ ಎರಡು ವರ್ಷ ಕಂಪ್ಯೂಟರ್ ಕಂಪೆನಿಗಳು ಕರೆಕರೆದು ಕೆಲಸ ಕೊಟ್ಟವು. ಅದನ್ನು ನಂಬಿ ಎಲ್ಲರೂ ಅದೇ ಕೋರ್ಸಿಗೆ ನುಗ್ಗಿದರು. 2023ರ ಜನವರಿಯಲ್ಲಿ ಗೂಗಲ್ 12 ಸಾವಿರ, ಮೈಕ್ರೋಸಾಫ್ಟ್ 10 ಸಾವಿರ ಉದ್ಯೋಗ ಕಡಿತ ಘೋಷಿಸಿದವು. 2023-24ರಲ್ಲಿ ನಮ್ಮ ದೇಶದ ಟಿಸಿಎಸ್ ಕಂಪೆನಿಯ ಒಟ್ಟು ನೌಕರರ ಸಂಖ್ಯೆ ಸುಮಾರು ಎರಡು ದಶಕಗಳಲ್ಲಿ ಮೊದಲ ಬಾರಿಗೆ ಇಳಿಯಿತು. ಇಳಿದದ್ದು 13 ಸಾವಿರಕ್ಕೂ ಹೆಚ್ಚು.

ಇದನ್ನೆಲ್ಲ ಹೇಳಿದ್ದು ನಿಮ್ಮನ್ನು ಹೆದರಿಸಲು ಅಲ್ಲ. "ಯಾವ ನಗರಕ್ಕೆ ಹೋಗಲಿ?" ಎಂಬ ಪ್ರಶ್ನೆಗೆ ಶಾಶ್ವತ ಉತ್ತರ ಇಲ್ಲ ಎಂಬುದನ್ನು ತೋರಿಸಲು. ನಿನ್ನೆ ಉತ್ತರವಾಗಿದ್ದ ನಗರ ಇಂದು ಪ್ರಶ್ನೆಯಾಗಬಹುದು. ಹಾಗಾಗಿ "ನನಗೆ ಗೊತ್ತಿರುವ ಕೆಲಸ ಈಗ ಎಲ್ಲಿ ಬೇಕಾಗಿದೆ?" ಎಂದು ಕೇಳಿಕೊಳ್ಳಿ.

ಇಲ್ಲಿಂದ ನಾನು ಹೇಳಿದ ಮೂರರಲ್ಲಿ ಮೊದಲನೆಯದಕ್ಕೆ, ಅಂದರೆ ಕಸುಬಿಗೆ ಬರುತ್ತೇನೆ. ಜನರ ಕೈಯಲ್ಲಿ ಹಣ ಕಡಿಮೆಯಾದಾಗ ಹೊಸ ಕಾರು ಕೊಳ್ಳುವುದನ್ನು ಮುಂದೂಡುತ್ತಾರೆ, ಆದರೆ ಹಳೆಯ ಕಾರನ್ನು ರಿಪೇರಿ ಮಾಡಿಸಲೇಬೇಕು. ಹೊಸ ಮನೆ ಕಟ್ಟುವುದನ್ನು ನಿಲ್ಲಿಸುತ್ತಾರೆ, ಆದರೆ ಸೋರುವ ನಲ್ಲಿ, ಸುಟ್ಟುಹೋದ ವಯರಿಂಗ್, ಕೆಟ್ಟ ಏಸಿ ಕಾಯುವುದಿಲ್ಲ. ಕಾಯಿಲೆ ಹಿಂಜರಿತ ನೋಡಿ ಬರುವುದಿಲ್ಲ. ನರ್ಸ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್ ಬೇಕೇ ಬೇಕು. ಅಂಗಡಿ ನಷ್ಟದಲ್ಲಿದ್ದರೂ ತೆರಿಗೆ ಲೆಕ್ಕ ಸಲ್ಲಿಸಬೇಕು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಲೆಕ್ಕ ಬರೆಯಬಲ್ಲ ಬಿಕಾಂ ಹುಡುಗರಿಗೆ ಸಣ್ಣ ಪೇಟೆಗಳಲ್ಲೂ ಕೆಲಸ ಹುಟ್ಟಿತು. ಸರ್ಕಾರಿ ಒಡೆತನದ ಬ್ಯಾಂಕುಗಳು 2008ರ ನಂತರದ ವರ್ಷಗಳಲ್ಲೂ ನೇಮಕಾತಿ ನಿಲ್ಲಿಸಲಿಲ್ಲ. ಆಗ ಪರೀಕ್ಷೆಗೆ ಓದಿಕೊಂಡಿದ್ದವರು ಗೆದ್ದರು. ಅಂದರೆ ಕೆಟ್ಟ ಕಾಲದಲ್ಲೂ ಬಾಗಿಲುಗಳೆಲ್ಲ ಒಟ್ಟಿಗೆ ಮುಚ್ಚುವುದಿಲ್ಲ. ತೆರೆದಿರುವ ಬಾಗಿಲು ನಮಗೆ ಪ್ರತಿಷ್ಠೆಯದ್ದಾಗಿ ಕಾಣದಿರಬಹುದು, ಅಷ್ಟೇ.

ಕೈಯಲ್ಲಿ ಪದವಿ ಪತ್ರ ಮಾತ್ರ ಇದ್ದು ಕೆಲಸದ ಅನುಭವ ಇಲ್ಲದವರು ಅಪ್ರೆಂಟಿಸ್ ತರಬೇತಿಯನ್ನು ಕೀಳಾಗಿ ನೋಡಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಐಟಿಐ, ಡಿಪ್ಲೊಮಾ, ಪದವಿ ಮುಗಿಸಿದವರಿಗೆ ಸ್ಟೈಪೆಂಡ್ ಸಹಿತ ತರಬೇತಿ ಸಿಗುತ್ತದೆ. ಹಿಂಜರಿತದ ಒಂದು ವರ್ಷವನ್ನು ಅಲ್ಲಿ ಕಳೆದರೆ ಕಾಲ ಸುಧಾರಿಸುವಾಗ ನಿಮ್ಮ ಕೈಯಲ್ಲಿ ಅನುಭವದ ಪ್ರಮಾಣಪತ್ರ ಇರುತ್ತದೆ. ಅದೇ ವರ್ಷವನ್ನು ಮೊಬೈಲ್ ನೋಡುತ್ತಾ ಕಳೆದರೆ ಸಂದರ್ಶನದಲ್ಲಿ "ಒಂದು ವರ್ಷ ಏನು ಮಾಡುತ್ತಿದ್ದಿರಿ?" ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಎರಡನೆಯದು ಕಾಯುವ ಹಣ. ಹಿಂಜರಿತದ ಕಾಲದಲ್ಲಿ ನಗರಕ್ಕೆ ಹೋದವನಿಗೆ ಕೆಲಸ ಸಿಗುವುದೇ ಇಲ್ಲ ಎಂದಲ್ಲ, ಸಿಗುವುದು ತಡವಾಗುತ್ತದೆ. ಅಷ್ಟು ದಿನ ನಿಲ್ಲುವ ಶಕ್ತಿ ಇದ್ದವನು ಉಳಿಯುತ್ತಾನೆ. ಒಂದು ಸಣ್ಣ ಲೆಕ್ಕ ಹಾಕೋಣ. ಬೆಂಗಳೂರಿನ ಪಿಜಿಯೊಂದರಲ್ಲಿ ಮೂವರು ಹಂಚಿಕೊಳ್ಳುವ ಕೋಣೆಗೆ ಊಟ ಸೇರಿ ತಿಂಗಳಿಗೆ 8 ಸಾವಿರ ಎಂದಿಟ್ಟುಕೊಳ್ಳಿ. ಬಸ್ ಪಾಸು, ಫೋನು, ಮಧ್ಯಾಹ್ನದ ಊಟ, ಅರ್ಜಿಯ ಖರ್ಚು ಸೇರಿ ಇನ್ನು 4 ಸಾವಿರ. ತಿಂಗಳಿಗೆ 12 ಸಾವಿರವಾಯಿತು. ನಾಲ್ಕು ತಿಂಗಳಿಗೆ 48 ಸಾವಿರ. ಪಿಜಿಯ ಅಡ್ವಾನ್ಸ್ 8 ಸಾವಿರ, ಪ್ರಯಾಣ ಮತ್ತು ಸಂದರ್ಶನಕ್ಕೆ ಒಂದು ಜೊತೆ ಒಳ್ಳೆಯ ಬಟ್ಟೆಗೆ 4 ಸಾವಿರ. ಒಟ್ಟು 60 ಸಾವಿರ. ಬಡಾವಣೆಗೆ ತಕ್ಕಂತೆ ಅಂಕಿಗಳು ಬದಲಾಗುತ್ತವೆ. ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ. ಹತ್ತು ಸಾವಿರ ಜೇಬಿನಲ್ಲಿಟ್ಟು ರಾತ್ರಿ ಬಸ್ಸು ಹತ್ತುವ ಹುಡುಗನಿಗೆ ನಗರ ಒಂದು ತಿಂಗಳ ಗಡುವು ಕೊಡುತ್ತದೆ. ಆ ಗಡುವಿನ ಕೊನೆಯ ವಾರದಲ್ಲಿ ಅವನು ಎಂಥ ಕೆಲಸವನ್ನಾದರೂ, ಎಷ್ಟು ಸಂಬಳಕ್ಕಾದರೂ, ಯಾವ ಕಾಗದಕ್ಕಾದರೂ ಸಹಿ ಹಾಕಿ ಒಪ್ಪಿಕೊಳ್ಳುತ್ತಾನೆ. ಹಸಿದವನಿಗೆ ಚೌಕಾಶಿ ಮಾಡುವ ಧೈರ್ಯ ಇರುವುದಿಲ್ಲ.

ಈ ಹಣವನ್ನು ಎಲ್ಲಿಂದ ತರುವುದು? ಉಮ್ಮನ ಕಿವಿಯ ಚಿನ್ನ ಅಡವಿಟ್ಟು ಹೋಗುವುದು ನಮ್ಮಲ್ಲಿ ಸುಲಭದ ದಾರಿಯಾಗಿಬಿಟ್ಟಿದೆ. ಬಡ್ಡಿಯ ಭಾರ ಹೊತ್ತವನು ಶಾಂತವಾಗಿ ಕೆಲಸ ಹುಡುಕಲಾರ. ಸಾಧ್ಯವಿದ್ದವರು ಊರಲ್ಲೇ ಆರು ತಿಂಗಳು ಸಿಕ್ಕಿದ ಕೆಲಸ ಮಾಡಿ ಕೂಡಿಟ್ಟುಕೊಂಡು ಹೋಗಿ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ನಿಂತು ದುಡಿದರೆ ಸಣ್ಣ ಕುಡಿಕೆಯೂ ತುಂಬುತ್ತದೆ. ಕರ್ನಾಟಕ ಸರ್ಕಾರ 2023ರ ಡಿಸೆಂಬರಿನಲ್ಲಿ ಆರಂಭಿಸಿದ ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಕೊಡುವ ವ್ಯವಸ್ಥೆ ಇದೆ. ಆದರೆ ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ಅದು. ಮೊದಲ ಆರು ತಿಂಗಳಿಗೆ ನಿಮ್ಮದೇ ಕಾಸು ಬೇಕು ಎಂಬುದನ್ನು ಮರೆಯಬೇಡಿ.

ಹಣದ ಜೊತೆಗೆ ಒಂದು ದಿನಾಂಕವನ್ನೂ ಬರೆದಿಟ್ಟುಕೊಳ್ಳಿ. "ಇಂಥ ತಾರೀಖಿನೊಳಗೆ ಸಿಗದಿದ್ದರೆ ಊರಿಗೆ ಬರುತ್ತೇನೆ, ಅಥವಾ ಬೇರೆ ಕೆಲಸಕ್ಕೆ ಅರ್ಜಿ ಹಾಕುತ್ತೇನೆ" ಎಂದು ಮನೆಯವರ ಮುಂದೆಯೇ ತೀರ್ಮಾನಿಸಿ ಹೊರಡಿ. ಆ ತಾರೀಖು ಇಲ್ಲದವರು ಇನ್ನೊಂದು ವಾರ, ಇನ್ನೊಂದು ವಾರ ಎನ್ನುತ್ತಾ ಸಾಲದಲ್ಲಿ ಮುಳುಗುತ್ತಾರೆ.

ಮೂರನೆಯದು ನಗರದಲ್ಲಿ ಗುರುತಿನ ಒಬ್ಬ ಮನುಷ್ಯ ಮತ್ತು ತಲೆಯ ಮೇಲೊಂದು ಸೂರು. ಕೆಲಸ ಇದ್ದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಎಂದು ಭಾವಿಸುವವರಿಗೆ ಅಮೆರಿಕದ್ದೇ ಒಂದು ಉದಾಹರಣೆ ಕೊಡುತ್ತೇನೆ. 2009ರ ಅಕ್ಟೋಬರಿನಲ್ಲಿ ಆ ದೇಶದ ನಿರುದ್ಯೋಗ ಶೇಕಡಾ 10ಕ್ಕೆ ಏರಿತ್ತು. ಆದರೆ ಉತ್ತರ ಡಕೋಟಾ ಎಂಬ ರಾಜ್ಯದಲ್ಲಿ ಅದು ಶೇಕಡಾ 4ರ ಆಸುಪಾಸಿನಲ್ಲೇ ಇತ್ತು. ಅಲ್ಲಿ ತೈಲ ಸಿಕ್ಕಿತ್ತು. ದೇಶದ ಮೂಲೆಮೂಲೆಗಳಿಂದ ಕೆಲಸ ಕಳೆದುಕೊಂಡವರು ವಿಲ್ಲಿಸ್ಟನ್ ಎಂಬ ಸಣ್ಣ ಪಟ್ಟಣಕ್ಕೆ ಬಂದರು. 2010ರಲ್ಲಿ ಅದರ ಜನಸಂಖ್ಯೆ 15 ಸಾವಿರವೂ ಇರಲಿಲ್ಲ. ಕೆಲಸ ಸಿಕ್ಕಿತು, ಸಂಬಳವೂ ಚೆನ್ನಾಗಿತ್ತು. ಮನೆ ಮಾತ್ರ ಸಿಗಲಿಲ್ಲ. ಕೊರೆಯುವ ಹಿಮದಲ್ಲಿ ಕಾರಿನೊಳಗೆ ಮಲಗಿದರು. ಬಾಡಿಗೆ ದೊಡ್ಡ ನಗರಗಳನ್ನೂ ಮೀರಿ ಏರಿತು. 2014ರ ನಂತರ ತೈಲದ ಬೆಲೆ ಬಿದ್ದಾಗ ಬಹಳ ಮಂದಿ ಮತ್ತೆ ಗಂಟುಮೂಟೆ ಕಟ್ಟಿದರು. ಅಷ್ಟು ಶ್ರೀಮಂತ ದೇಶದಲ್ಲೇ ಹೀಗಾದರೆ ನಮ್ಮ ನಗರಗಳ ಬಗ್ಗೆ ಹೇಳಬೇಕೆ?

ನಮ್ಮ ಮಕ್ಕಳಿಗೆ ಇನ್ನೊಂದು ಅಡ್ಡಿಯೂ ಇದೆ, ಅದನ್ನು ಮುಚ್ಚಿಡುವುದು ಬೇಡ. ಮನೆ ಖಾಲಿ ಇದೆ ಎಂದ ಮಾಲೀಕರು ಹೆಸರು ಕೇಳಿದ ಮೇಲೆ "ಈಗಷ್ಟೇ ಬೇರೆಯವರಿಗೆ ಕೊಟ್ಟೆವು" ಎನ್ನುವುದು ನಮ್ಮ ಹುಡುಗರಿಗೆ ಗೊತ್ತಿಲ್ಲದ ಅನುಭವವಲ್ಲ. ಎಲ್ಲರೂ ಹಾಗಿಲ್ಲ, ಹೆಸರು ಕೇಳದೆ ಬೀಗದ ಕೈ ಕೊಟ್ಟವರೂ ಧಾರಾಳ ಇದ್ದಾರೆ. ಆದರೂ ಇದರ ಪರಿಣಾಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮನೆ ಹುಡುಕಲು ಹೆಚ್ಚು ದಿನ ಬೇಕಾಗುತ್ತದೆ. ಕೆಲಸದ ಜಾಗದಿಂದ ದೂರ ಉಳಿಯಬೇಕಾಗುತ್ತದೆ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುತ್ತದೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ಹಳೆಯ ವಾಡಿಕೆ ಬೆಂಗಳೂರಿನಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಇದನ್ನು ನೆನೆದು ಕೊರಗುವುದರಿಂದ ಪ್ರಯೋಜನವಿಲ್ಲ. ಬಸ್ಸು ಹತ್ತುವ ಮೊದಲೇ ಮೊದಲ ಒಂದು ತಿಂಗಳು ಎಲ್ಲಿ ಮಲಗುತ್ತೇನೆ ಎಂದು ಖಚಿತ ಮಾಡಿಕೊಂಡು ಹೋಗಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ನಮ್ಮ ಸಂಘದ ಬಹುಮಾನ ಪಡೆಯಲು ವೇದಿಕೆ ಹತ್ತುವವರಲ್ಲಿ ಹೆಣ್ಣುಮಕ್ಕಳೆಷ್ಟು ಎಂದು ನೋಡಿ, ನಗರಕ್ಕೆ ಕೆಲಸಕ್ಕೆ ಹೋದವರಲ್ಲಿ ಅವರೆಷ್ಟು ಎಂದೂ ನೋಡಿ. ನಡುವೆ ಎಲ್ಲಿ ಉಳಿದುಹೋದರು? "ಕಾಲ ಸರಿಯಿಲ್ಲ, ಒಬ್ಬಳನ್ನೇ ಹೇಗೆ ಕಳುಹಿಸುವುದು?" ಎಂಬ ತಂದೆಯ ಪ್ರಶ್ನೆಯಲ್ಲಿ ನ್ಯಾಯವಿದೆ. ಅದಕ್ಕೆ ಬಾಯಿಮಾತಿನ ಉತ್ತರ ಸಾಲದು. ಹಾಸ್ಟೆಲ್ ಯಾವುದು, ವಾರ್ಡನ್ ಯಾರು, ಕೆಲಸದ ಜಾಗ ಎಷ್ಟು ದೂರ, ಪಾಳಿ ಮುಗಿದ ಮೇಲೆ ವಾಹನ ಇದೆಯೇ ಎಂದು ತಂದೆಯೇ ಒಮ್ಮೆ ಹೋಗಿ ನೋಡಿ ಬರಲಿ. ನೋಡಿದ ಮೇಲೂ ಬೇಡ ಎನಿಸಿದರೆ ಬೇಡ. ನೋಡದೆಯೇ ಬೇಡ ಎನ್ನುವುದು ಮಗಳ ಹದಿನೈದು ವರ್ಷದ ಓದಿಗೆ ಮಾಡುವ ಅನ್ಯಾಯ.

ಇನ್ನು ಕೊಲ್ಲಿಗೆ ಹೊರಟವರಿಗೆ ಕೆಲವು ಮಾತು. ಹಿಂಜರಿತದ ಕಾಲ ಮೋಸಗಾರರಿಗೆ ಸುಗ್ಗಿಯ ಕಾಲ. 1983ರ ವಲಸೆ ಕಾಯ್ದೆ ಬಂದಾಗಿನಿಂದ ವಿದೇಶಕ್ಕೆ ಜನರನ್ನು ಕಳುಹಿಸುವ ಏಜೆಂಟರು ಸರ್ಕಾರದಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯ. ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟನ ಹೆಸರು ಇದೆಯೇ ಎಂದು ಐದು ನಿಮಿಷದಲ್ಲಿ ನೋಡಬಹುದು. ಅವರು ಪಡೆಯುವ ಸೇವಾ ಶುಲ್ಕಕ್ಕೂ ನಿಯಮದಲ್ಲಿ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿ ಇದೆ. ವೀಸಾಕ್ಕೆ ಒಂದೂವರೆ ಲಕ್ಷ, ಎರಡು ಲಕ್ಷ ಕೇಳುವವನು ನಿಮಗೆ ಕೆಲಸ ಕೊಡಿಸುತ್ತಿಲ್ಲ, ನಿಮ್ಮ ಮುಂದಿನ ಒಂದು ವರ್ಷದ ದುಡಿಮೆಯನ್ನು ಮುಂಗಡವಾಗಿ ತೆಗೆದುಕೊಳ್ಳುತ್ತಿದ್ದಾನೆ. ವಿಸಿಟ್ ವೀಸಾದಲ್ಲಿ ಹೋಗಿ ದುಡಿಯುವುದು ಅಲ್ಲಿನ ಕಾನೂನಿಗೆ ವಿರುದ್ಧ. ಸಂಬಳ ಕೊಡದಿದ್ದರೆ ದೂರು ಕೊಡುವ ಹಕ್ಕೂ ನಿಮ್ಮ ಕೈಯಲ್ಲಿ ಗಟ್ಟಿಯಾಗಿರುವುದಿಲ್ಲ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂದು ನಂಬಿಸಿ ಯುವಕರನ್ನು ಮ್ಯಾನ್ಮಾರಿಗೆ ಸಾಗಿಸಿ ಆನ್‌ಲೈನ್ ವಂಚನೆಯ ಕೆಲಸಕ್ಕೆ ಕೂಡಿಹಾಕಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಕೆ ನೀಡಿತ್ತು. ಸಿಕ್ಕಿಬಿದ್ದವರಲ್ಲಿ ಓದಿದವರೇ ಇದ್ದರು.

ಕುಟುಂಬ ಸಮೇತ ಹೋಗುವವರು ಆ ದೇಶದ ನಿಯಮ ಬದಲಾಗುವ ಸಾಧ್ಯತೆಯನ್ನೂ ಲೆಕ್ಕದಲ್ಲಿಡಬೇಕು. ಸೌದಿಯಲ್ಲಿ 2017ರ ಜುಲೈಯಿಂದ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು; ವರ್ಷ ವರ್ಷ ಏರಿ 2020ಕ್ಕೆ ಅದು 400 ಆಯಿತು. ಹೆಂಡತಿ, ಮೂವರು ಮಕ್ಕಳು ಇದ್ದವನಿಗೆ ತಿಂಗಳಿಗೆ 1,600 ರಿಯಾಲ್. ಅನೇಕರು ಸಂಸಾರವನ್ನು ಊರಿಗೆ ಕಳುಹಿಸಿ ಮತ್ತೆ ಬ್ಯಾಚುಲರ್ ರೂಮಿಗೆ ಮರಳಿದರು.

ಪೋಷಕರಲ್ಲಿ ನನ್ನದೊಂದು ಕಳಕಳಿಯ ವಿನಂತಿ. ಹೋದ ಮಗ ಕೆಲಸ ಸಿಗದೆ ಮರಳಿ ಬಂದರೆ ಅವನನ್ನು ಸೋತವನೆಂದು ನೋಡಬೇಡಿ. "ಏನಪ್ಪಾ, ಬಂದುಬಿಟ್ಯಾ?" ಎಂಬ ನೆರೆಯವರ ಒಂದು ಪ್ರಶ್ನೆಗೆ ಹೆದರಿ ಎಷ್ಟು ಹುಡುಗರು ನಗರದಲ್ಲೇ ಅರೆಹೊಟ್ಟೆಯಲ್ಲಿ ಉಳಿದಿದ್ದಾರೆ, ಮನೆಗೆ ಫೋನು ಮಾಡಿ ಇಲ್ಲದ ಕೆಲಸವನ್ನು ಇದೆ ಎಂದು ಹೇಳುತ್ತಾರೆ, ಗೆಳೆಯರಿಂದ ಸಾಲ ತೆಗೆದು ಮನೆಗೆ ಸಂಬಳವೆಂದು ಕಳುಹಿಸುತ್ತಾರೆ! ಅಂಥವರಿಗೆ ಸಾಲಕ್ಕಿಂತ ಆ ಸುಳ್ಳಿನ ಭಾರವೇ ದೊಡ್ಡದು. ಹಿಂಜರಿತದಲ್ಲಿ ಕೆಲಸ ಹೋಗುವುದು ನಡತೆಯ ದೋಷದಿಂದಲ್ಲ. 2020ರಲ್ಲಿ ಮರಳಿ ಬಂದವರಲ್ಲಿ ಊರಲ್ಲೇ ಏಸಿ ರಿಪೇರಿ ಅಂಗಡಿ, ಬೇಕರಿ, ಮೊಬೈಲ್ ಅಂಗಡಿ ಇಟ್ಟು ನಿಂತವರನ್ನು ನಾವೆಲ್ಲ ನೋಡಿದ್ದೇವೆ. ಕಾಲ ಸುಧಾರಿಸಿದ ಮೇಲೆ ಮತ್ತೆ ಹೋದವರನ್ನೂ ನೋಡಿದ್ದೇವೆ. ಮನೆಯ ಬಾಗಿಲು ಯಾವಾಗಲೂ ತೆರೆದಿದೆ ಎಂದು ತಿಳಿದವನೇ ಹೊರಗೆ ಧೈರ್ಯವಾಗಿ ನಿಲ್ಲುತ್ತಾನೆ.

ಕೊನೆಯದಾಗಿ ಸಂಘದ ಸದಸ್ಯರಿಗೆ. ಈವರೆಗೆ ನಾನು ಕಸುಬು, ಕಾಯುವ ಹಣ, ಗುರುತಿನ ಮನುಷ್ಯ ಎಂದು ಮೂರನ್ನು ಹೇಳಿದೆ. ಉಳ್ಳವರ ಮಗನಿಗೆ ಇವುಗಳಲ್ಲಿ ಎರಡು ಹುಟ್ಟುವಾಗಲೇ ಬಂದಿರುತ್ತವೆ. ಅಪ್ಪನ ಹಣ ಇರುತ್ತದೆ, ಬೆಂಗಳೂರಿನಲ್ಲಿ ಮಾವನ ಮನೆ ಇರುತ್ತದೆ. ಬಡವರ ಮಗ ಅಥವಾ ಮಗಳು ಮೊದಲನೆಯದನ್ನು ಮಾತ್ರ ತಮ್ಮ ಶ್ರಮದಿಂದ ಗಳಿಸಬಹುದು. ಉಳಿದ ಎರಡನ್ನು ಯಾರು ಕೊಡಬೇಕು? ನಾವು ವಿದ್ಯಾರ್ಥಿವೇತನ ಕೊಡುತ್ತೇವೆ, ಫೀಸು ಕಟ್ಟುತ್ತೇವೆ, ಪುಸ್ತಕ ಕೊಡುತ್ತೇವೆ. ಕೊನೆಯ ಪರೀಕ್ಷೆಯ ದಿನ ನಮ್ಮ ಸಹಾಯ ನಿಲ್ಲುತ್ತದೆ. ಆದರೆ ಬಡ ವಿದ್ಯಾರ್ಥಿಯ ಅತ್ಯಂತ ಕಷ್ಟದ ದಿನಗಳು ಆರಂಭವಾಗುವುದೇ ಅಂದಿನಿಂದ. ಹತ್ತು ಹದಿನೈದು ವರ್ಷ ನೀರೆರೆದು ಬೆಳೆಸಿದ ಗಿಡವನ್ನು ಹೂ ಬಿಡುವ ವರ್ಷ ಒಣಗಲು ಬಿಟ್ಟಂತೆ ಇದು.

ಆದ್ದರಿಂದ ಮೂರು ಸಲಹೆ ಕೊಡುತ್ತೇನೆ. ಒಂದು, ಬೆಂಗಳೂರು, ಮುಂಬಯಿ, ದುಬೈ, ದಮ್ಮಾಮ್ ಮುಂತಾದೆಡೆ ಇರುವ ನಮ್ಮ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡಿ, ಪ್ರತಿ ನಗರಕ್ಕೆ ಒಬ್ಬರನ್ನು ಹೊಣೆಗಾರರನ್ನಾಗಿ ಮಾಡೋಣ. ಹೊಸದಾಗಿ ಬರುವವನಿಗೆ ಅವರು ಕೆಲಸ ಕೊಡಿಸಬೇಕಾಗಿಲ್ಲ. ಅವನು ತಂದ ನೇಮಕಾತಿ ಪತ್ರ ಅಸಲಿಯೋ ನಕಲಿಯೋ ನೋಡಿ ಹೇಳಿದರೆ ಸಾಕು, ಯಾವ ಬಡಾವಣೆಯಲ್ಲಿ ಕೋಣೆ ಸಿಗುತ್ತದೆ ಎಂದು ತಿಳಿಸಿದರೆ ಸಾಕು. ಎರಡು, ನಾಲ್ಕು ತಿಂಗಳ ಖರ್ಚಿಗೆ ಬಡ್ಡಿಯಿಲ್ಲದ ಕೈಗಡ ಕೊಡುವ ಒಂದು ನಿಧಿ ಮಾಡೋಣ. ಕೆಲಸ ಸಿಕ್ಕಿದ ಮೇಲೆ ಕಂತಿನಲ್ಲಿ ಮರಳಿಸಲಿ. ಅದೇ ಹಣ ಮುಂದಿನ ವರ್ಷದ ಹುಡುಗನಿಗೆ, ಹುಡುಗಿಗೆ ಹೋಗಲಿ. ಮೂರು, ಇನ್ನೊಂದು ಸಭಾಂಗಣ ಕಟ್ಟುವ ಮುನ್ನ ಬೆಂಗಳೂರಿನಲ್ಲಿ ಹುಡುಗರಿಗೆ ಹತ್ತು, ಹುಡುಗಿಯರಿಗೆ ಹತ್ತು ಹಾಸಿಗೆಯ ಎರಡು ಬಾಡಿಗೆ ಮನೆಗಳ ಬಗ್ಗೆ ಯೋಚಿಸೋಣ. ಮೂರು ತಿಂಗಳಿಗಿಂತ ಹೆಚ್ಚು ಯಾರೂ ಇರಬಾರದು ಎಂಬ ನಿಯಮ ಇರಲಿ. ಸಭಾಂಗಣ ವರ್ಷಕ್ಕೆ ಕೆಲವು ದಿನ ತುಂಬುತ್ತದೆ. ಆ ಹಾಸಿಗೆಗಳು ಒಂದು ರಾತ್ರಿಯೂ ಖಾಲಿ ಇರುವುದಿಲ್ಲ.

ವಿದ್ಯಾರ್ಥಿಗಳೇ, ನೀವು ಹೊರಡುವ ಮುನ್ನ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಮನೆಯಲ್ಲಿ ಕೊಟ್ಟು ಹೋಗಿ. ನನಗೆ ಬರುವ ಕೆಲಸ ಇದು. ನನ್ನಲ್ಲಿರುವ ಹಣ ಇಷ್ಟು ತಿಂಗಳಿಗೆ ಸಾಕು. ಮೊದಲ ತಿಂಗಳು ನಾನು ಇರುವ ವಿಳಾಸ ಇದು. ಕೆಲಸ ಸಿಗದಿದ್ದರೆ ಈ ತಾರೀಖಿಗೆ ಬರುತ್ತೇನೆ. ಈ ನಾಲ್ಕು ಸಾಲು ತುಂಬಿದ್ದರೆ ಕಾಲ ಎಷ್ಟೇ ಕೆಟ್ಟದಾಗಿರಲಿ, ಹೋಗಿ ಬನ್ನಿ. ಒಂದು ಸಾಲು ಖಾಲಿ ಇದ್ದರೂ ಸ್ವಲ್ಪ ತಾಳಿ, ಮೊದಲು ಸಂಘದ ಕಚೇರಿಗೆ ಬನ್ನಿ. ಆ ಖಾಲಿ ಸಾಲನ್ನು ನಿಮ್ಮ ಜೊತೆ ಕೂತು ತುಂಬಿಸುವ ಕೆಲಸ ನಮ್ಮದಾಗಲಿ.